ನಕ್ಸೋಸ್ ದ್ವೀಪದಲ್ಲಿ ರಾತ್ರಿಗೆ 50 ಯೂರೋ ಒಳಗೆ: ನನ್ನ ಅನುಭವ

ಗ್ರೀಕ್ ದ್ವೀಪದಲ್ಲಿ 50 ಯೂರೋ ಒಳಗೆ ಇಬ್ಬರಿಗೆ ಒಳ್ಳೆ ರೂಮು ಸಿಗುತ್ತದೆ ಅಂದಾಗ ನಮ್ಮ ಬಳಗದಲ್ಲಿ ಒಬ್ಬರೂ ನಂಬಲಿಲ್ಲ. ಭಾವನವರಂತೂ "ಗ್ರೀಸ್ ಅಂದ್ರೆ ಗೋಕರ್ಣ ಅಂದ್ಕೊಂಡಿದ್ದೀರಾ?" ಅಂತ ಕೇಳಿಯೇಬಿಟ್ಟರು. ಅವರು ಗ್ರೀಸಿನದೇ ಸ್ಯಾಂಟೋರಿನಿ ದ್ವೀಪ ನೋಡಿ ಬಂದವರು. ಅಲ್ಲಿ ಬಂಡೆಯ ಅಂಚಿನ ಹೋಟೆಲಿನಲ್ಲಿ ಒಂದು ರಾತ್ರಿಗೆ ಅವರು ಕೊಟ್ಟಿದ್ದು 35 ಸಾವಿರ ರೂಪಾಯಿ ಹತ್ತಿರ. ಅಷ್ಟೇ ರೂಮು ಬಾಡಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ನಕ್ಸೋಸ್‌ನಲ್ಲಿ ಹೆಚ್ಚುಕಡಿಮೆ ಒಂದು ವಾರ ಇದ್ದು ಬಂದೆವು. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ವೀಸಾ ಫಾರಂ, ಫಾರೆಕ್ಸ್ ಕಾರ್ಡ್, ಬುಕಿಂಗ್ ಆ್ಯಪ್ ಎಲ್ಲ ನಿಮಗೆ ಗೊತ್ತಿರುವುದೇ. ಅದಕ್ಕೆ ಕೈ ಹಾಕುವುದಿಲ್ಲ. ಲೆಕ್ಕವೆಲ್ಲ ನೆನಪಿನ ಮೇಲೆ, ಯೂರೋ ನೂರು ರೂಪಾಯಿ ಆಸುಪಾಸು ಅಂತ ಹಿಡಿದದ್ದು.

ನನ್ನ ವಾದ ಇಷ್ಟೇ. ರೂಮಿನ ರೇಟು ಆಮೇಲೆ ನೋಡಿ, ರೂಮು ಎಲ್ಲಿದೆ ಅಂತ ಮೊದಲು ನೋಡಿ. ಆ್ಯಪ್‌ನಲ್ಲಿ "ಕಡಿಮೆ ಬೆಲೆ ಮೊದಲು" ಅಂತ ಒತ್ತಿದರೆ ಬರುವ ಪಟ್ಟಿಯಷ್ಟು ದುಬಾರಿ ಪಟ್ಟಿ ಇನ್ನೊಂದಿಲ್ಲ.

ಇದನ್ನು ಕಲಿಸಿದ್ದು ಪರೋಸ್ ದ್ವೀಪ. ನಕ್ಸೋಸ್‌ಗೆ ಹೋಗುವುದಕ್ಕೂ ಹಿಂದಿನ ವರ್ಷ ಅಲ್ಲಿ 38 ಯೂರೋಗೆ ರೂಮು ಸಿಕ್ಕಿತ್ತು. ರೂಮು ಚೆನ್ನಾಗಿಯೇ ಇತ್ತು, ಅಂಗಳದಲ್ಲಿ ನಿಂಬೆ ಗಿಡ ಬೇರೆ. ಆದರೆ ಬಂದರಿನಿಂದ ಒಳಗೆ ನಾಲ್ಕೈದು ಕಿಲೋಮೀಟರ್. ಸಂಜೆ ಕಡೆಯ ಬಸ್ಸು ತಪ್ಪಿದರೆ ಟ್ಯಾಕ್ಸಿಗೆ 15 ಯೂರೋ, ಒಂದು ದಿನ 20. ಹತ್ತಿರದಲ್ಲಿ ಅಂಗಡಿ ಇಲ್ಲ, ನೀರಿನ ಬಾಟಲಿಯನ್ನೂ ಪೇಟೆಯಿಂದಲೇ ಹೊರಬೇಕು. ಕೂಡಿಸಿ ನೋಡಿದರೆ ರಾತ್ರಿಗೆ 60ರ ಮೇಲೆ ಬಿದ್ದಿತ್ತು.

ಇನ್ನೊಂದು ಸಲ ಮಾಡಿದ ಪ್ರಯೋಗ ಮನೆ ಬಾಡಿಗೆಯದ್ದು. ಪಟ್ಟಿಯಲ್ಲಿ 42 ಯೂರೋ. ಕ್ಲೀನಿಂಗ್ ಫೀ ಒಂದು 30, ಸರ್ವಿಸ್ ಫೀ ಬೇರೆ. ಇದರ ಜೊತೆಗೆ ಗ್ರೀಸಿನ ಹವಾಮಾನ ತೆರಿಗೆ. 2025ರಿಂದ ಏಪ್ರಿಲ್-ಅಕ್ಟೋಬರ್ ನಡುವೆ ಇಂಥ ಬಾಡಿಗೆ ಮನೆಗೆ ರಾತ್ರಿಗೆ 8 ಯೂರೋ. ಅದೇ ಒಂದು-ಎರಡು ಸ್ಟಾರ್ ಹೋಟೆಲಿಗೆ ಬರೀ 2. ಮೂರು ಸ್ಟಾರಿಗೆ 5, ನಾಲ್ಕಕ್ಕೆ 10, ಐದಕ್ಕೆ 15. ತಲೆಗಲ್ಲ, ರೂಮಿಗೆ. ಬುಕಿಂಗ್ ಮಾಡುವಾಗ ಕಾಣುವ ಮೊತ್ತದಲ್ಲಿ ಇದು ಎಷ್ಟೋ ಸಲ ಸೇರಿರುವುದಿಲ್ಲ, ಅಲ್ಲಿ ಹೋದಮೇಲೆ ಕೌಂಟರಿನಲ್ಲಿ ಕೇಳುತ್ತಾರೆ. ಬಜೆಟ್ ಪ್ರವಾಸಿಗೆ ಎರಡು ಸ್ಟಾರಿನ ಪುಟ್ಟ ಹೋಟೆಲೇ ಸರಿ ಅಂತ ನಾನು ಹಟ ಹಿಡಿಯುವುದಕ್ಕೆ ಅರ್ಧ ಕಾರಣ ಈ ತೆರಿಗೆ.

ನಕ್ಸೋಸ್ ಯಾಕೆ ಅಂದರೆ, ಸೈಕ್ಲಡೀಸ್ ಅನ್ನುವ ಗ್ರೀಕ್ ದ್ವೀಪಗಳ ಗುಂಪಿನಲ್ಲಿ ಅದೇ ದೊಡ್ಡದು. ಬರೀ ಪ್ರವಾಸಿಗರನ್ನೇ ನಂಬಿಕೊಂಡ ಊರಲ್ಲ. ಆಲೂಗಡ್ಡೆ ಬೆಳೆಯುತ್ತಾರೆ, ಹಸು-ಕುರಿ ಸಾಕುತ್ತಾರೆ, ಗ್ರಾವಿಯೇರಾ ಚೀಸು ಅಲ್ಲಿಯದೇ. ಹಾಗಾಗಿ ಊಟ ಅಗ್ಗ. ಹಡಗು ಬಂದು ನಿಲ್ಲುವುದೇ ಪೇಟೆಯ ಬಾಗಿಲಿಗೆ. ಆ ಪೇಟೆಗೆ ಹೋರಾ ಅಂತಾರೆ. ಬಸ್ ನಿಲ್ದಾಣ ಬಂದರಿನ ಎದುರಿಗೇ. ಆಯೋಸ್ ಯೋರ್ಗಿಯೋಸ್ ಬೀಚಿಗೆ ನಡೆದುಕೊಂಡು ಹೋಗಬಹುದು. ಹಡಗು, ಬಸ್ಸು, ಬೀಚು ಮೂರೂ ಕಾಲ್ನಡಿಗೆಯಲ್ಲಿ ಸಿಗುವ ಇಂಥ ಊರು ಆ ಕಡೆ ಜಾಸ್ತಿ ಇಲ್ಲ.

ನಾನು ಮಾಡಿದ್ದು ಹೀಗೆ. ಮ್ಯಾಪ್ ತೆರೆದು ಬಸ್ ನಿಲ್ದಾಣದಿಂದ ಸೂಟ್‌ಕೇಸ್ ಎಳೆದುಕೊಂಡು ಹನ್ನೆರಡು ನಿಮಿಷ ನಡೆದರೆ ಎಲ್ಲಿಗೆ ತಲುಪುತ್ತೇವೋ ಅಲ್ಲಿಗೆ ಗೆರೆ ಎಳೆದೆ. ಗೆರೆಯ ಆಚೆಗಿನ ರೂಮು ಪುಕ್ಕಟೆ ಕೊಟ್ಟರೂ ಬೇಡ. ಗೆರೆಯ ಒಳಗೂ ಕಾಸ್ತ್ರೋ ಕಡೆಯದನ್ನು ಹೊಡೆದುಹಾಕಿದೆ. ಅದು 13ನೇ ಶತಮಾನದಲ್ಲಿ ವೆನಿಸ್‌ನವರು ಕಟ್ಟಿದ ಕೋಟೆ, ಗುಡ್ಡದ ಮೇಲಿದೆ. ಫೋಟೋದಲ್ಲಿ ಅದ್ಭುತ. ಆದರೆ ಓಣಿಯೆಲ್ಲ ಮೆಟ್ಟಿಲೇ, ಚಕ್ರದ ಪೆಟ್ಟಿಗೆಗೆ ಅಲ್ಲಿ ಕೆಲಸವಿಲ್ಲ. ನನ್ನ ಹೆಂಡತಿಗೆ ಮೊಣಕಾಲು ನೋವು ಬೇರೆ. ಉತ್ತರದ ಗ್ರೋತ್ತಾ ಕಡೆ ರೇಟು ಕಡಿಮೆ. ಯಾಕೆ ಅಂದರೆ ಜುಲೈ-ಆಗಸ್ಟಿನಲ್ಲಿ ಬೀಸುವ ಮೆಲ್ತೇಮಿ ಗಾಳಿ ನೇರ ಅಲ್ಲಿಗೇ ಬಂದು ಬಡಿಯುತ್ತದೆ, ಕಡಲ ದಂಡೆಯೂ ಕಲ್ಲು. ಗಾಳಿ ತಗ್ಗಿದ ಸೆಪ್ಟೆಂಬರ್ ಕೊನೆಗೆ ಹೋಗುವವರಿಗೆ ಅದರಿಂದ ತೊಂದರೆ ಕಮ್ಮಿ. ಗ್ರೋತ್ತಾದಲ್ಲಿ ಎರಡು, ಯೋರ್ಗಿಯೋಸ್ ಕಡೆ ಮೂರು ಹೋಟೆಲು, ಕಡೆಗೆ ಐದೇ ಉಳಿದವು.

ಆ ಐದರ ರಿವ್ಯೂಗಳಲ್ಲಿ ಹೊಗಳಿಕೆಯನ್ನು ನಾನು ಓದುವುದೇ ಇಲ್ಲ. ಬಿಸಿನೀರು, ಸೊಳ್ಳೆ, ಮೆಟ್ಟಿಲು, ಸದ್ದು, ಈ ನಾಲ್ಕು ಪದ ಹಾಕಿ ಹುಡುಕುತ್ತೇನೆ. ಸೋಲಾರ್ ಮೇಲೆಯೇ ನಡೆಯುವ ಕಡೆ ಸಂಜೆ ಕಡೆಯಲ್ಲಿ ಸ್ನಾನಕ್ಕೆ ಹೋದವರ ಗೋಳು ಅಲ್ಲಿ ಸಿಗುತ್ತದೆ. ಇನ್ನೊಂದು ಪದವೂ ಇದೆ, ಅದನ್ನು ಹಾಕಿದರೆ ರೂಮಿನ ನಿಜವಾದ ಸ್ಥಿತಿ ಗೊತ್ತಾಗುತ್ತದೆ. ಅದನ್ನು ಹೇಳುವುದಿಲ್ಲ. ಎಲ್ಲರೂ ಅದನ್ನೇ ಹುಡುಕಲು ಶುರು ಮಾಡಿದರೆ ನನಗೆ ರೂಮು ಸಿಗಬೇಕಲ್ಲ!

ಈಗ ದುಡ್ಡಿನ ವಿಷಯ. ನಾನು ಆರಿಸಿದ ಹೋಟೆಲು ಆಗಸ್ಟ್ ನಡುವೆ 115-120 ಯೂರೋ ತೋರಿಸುತ್ತಿತ್ತು. ಆಗಸ್ಟ್ 15 ಅವರಿಗೆ ದೊಡ್ಡ ಹಬ್ಬ, ಅಥೆನ್ಸ್‌ನವರೆಲ್ಲ ದ್ವೀಪಕ್ಕೆ ಬರುತ್ತಾರೆ. ಸೆಪ್ಟೆಂಬರ್ ಎರಡನೇ ವಾರ 75. ಕೊನೆಯ ವಾರ 52. ಅಕ್ಟೋಬರ್ ಎರಡನೇ ವಾರಕ್ಕೆ 40 ಕಾಣಿಸಿತು, ಬಾಯಲ್ಲಿ ನೀರೂರಿತು. ಆದರೆ ಆ ಹೊತ್ತಿಗೆ ಬಸ್ಸುಗಳು ಕಡಿಮೆಯಾಗುತ್ತವೆ, ಒಂದೊಂದೇ ಹೋಟೆಲು ಬಾಗಿಲು ಹಾಕುತ್ತಾ ಬರುತ್ತವೆ. 12 ಯೂರೋ ಉಳಿಸಲು ಹೋಗಿ ಬಸ್ಸಿಲ್ಲದೆ ಕೂರುವುದು ಬೇಡ ಅನ್ನಿಸಿತು. ಸೆಪ್ಟೆಂಬರ್ ಕೊನೆಗೆ ಸಮುದ್ರ ಇನ್ನೂ ಬೆಚ್ಚಗೇ ಇರುತ್ತದೆ.

ವೀಸಾಗೆ ಹೋಟೆಲ್ ಬುಕಿಂಗ್ ತೋರಿಸಲೇಬೇಕಲ್ಲ, ಅದಕ್ಕೆ ಮೊದಲು ಉಚಿತ ರದ್ದತಿ ಇರುವ ದರದಲ್ಲಿ, ಅಂದರೆ 52ಕ್ಕೇ, ಬುಕ್ ಮಾಡಿದೆ. ವೀಸಾ ಕೈಗೆ ಬರುವ ತನಕ ಅದನ್ನು ಮುಟ್ಟಲಿಲ್ಲ. ಫೀ 90 ಯೂರೋ ಕಟ್ಟಿ, 30,000 ಯೂರೋ ಕವರಿನ ವಿಮೆ ಮಾಡಿಸಿ, ಆಮೇಲೆ ಹೋಟೆಲ್ ಮನಸ್ಸು ಬದಲಾಯಿಸುವುದು ಸುಮ್ನೆ ತಲೆನೋವು. ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿದ ಮೇಲೆ ಅದೇ ಹೋಟೆಲಿಗೆ ನೇರವಾಗಿ ಇಮೇಲ್ ಬರೆದೆ. ಆ್ಯಪ್‌ನವರಿಗೆ ಕೊಡುವ ಕಮಿಷನ್ ಉಳಿದರೆ ಅವರಿಗೂ ಲಾಭ, ನಮಗೂ ಲಾಭ. ಉತ್ತರ ಬಂತು: 44 ಯೂರೋ, ತೆರಿಗೆ 2 ಬೇರೆ, ರಸೀದಿ ಕೊಡುತ್ತೇವೆ, ಬಂದರಿಗೆ ವ್ಯಾನು ಕಳಿಸುತ್ತೇವೆ. ಲಿಖಿತವಾಗಿ ಉತ್ತರ ಬಂದ ಮೇಲೆಯೇ ಹಳೆಯ ಬುಕಿಂಗ್ ರದ್ದು ಮಾಡಿದ್ದು. ಇಮೇಲಿನಲ್ಲಿ ನಾನು ಬರೆಯುವ ಎರಡು ಸಾಲು ಮತ್ತು ಅದನ್ನು ಕಳಿಸುವ ವಾರ, ಈ ಎರಡನ್ನು ಭಾವನವರು ಕೇಳಿದರೂ ಹೇಳಿಲ್ಲ. ಉಳಿದ ನಾಲ್ಕು ಹೋಟೆಲುಗಳಿಗೂ ಅದೇ ಇಮೇಲ್ ಹಾಕಿದ್ದೆ. ಒಂದರಿಂದ ಉತ್ತರವೇ ಇಲ್ಲ, ಒಂದು ಆ್ಯಪ್ ರೇಟಿಗಿಂತ ಜಾಸ್ತಿ ಹೇಳಿತು, ಇನ್ನೆರಡು ಬರೀ 3-4 ಯೂರೋ ಇಳಿಸಿದವು.

ನಕ್ಸೋಸ್ ಹಡಗು ಹೊರಡುವ ಪಿರೇಯಸ್ ಬಂದರಿಗೆ ಅಥೆನ್ಸ್ ಏರ್‌ಪೋರ್ಟಿನಿಂದ ಮೆಟ್ರೋ 9 ಯೂರೋ, ಎಕ್ಸ್96 ಬಸ್ಸು 5.50. ನಾವು ಬಸ್ಸೇ ಹಿಡಿದೆವು. ಹಡಗಿನಲ್ಲಿ ನಿಧಾನದ್ದು, ವೇಗದ್ದು ಅಂತ ಎರಡು ಇವೆ. ಬ್ಲೂ ಸ್ಟಾರ್ ಕಂಪನಿಯ ನಿಧಾನದ ದೊಡ್ಡ ಹಡಗು ಐದು-ಐದೂವರೆ ಗಂಟೆ ತೆಗೆದುಕೊಳ್ಳುತ್ತದೆ, ತಲೆಗೆ 48ರ ಹತ್ತಿರ ಕೊಟ್ಟ ನೆನಪು. ವೇಗದ್ದಕ್ಕೆ 70 ದಾಟುತ್ತದೆ, ಮೇಲಿಂದ ಅಲೆ ಎದ್ದರೆ ಹೊಟ್ಟೆ ತೊಳಸುತ್ತದೆ. ಸಂಜೆ ಹೊರಟು ರಾತ್ರಿ ಹನ್ನೊಂದರ ಹೊತ್ತಿಗೆ ಇಳಿದರೆ ಅಥೆನ್ಸಿನಲ್ಲಿ ಒಂದು ರಾತ್ರಿಯ ರೂಮು ಉಳಿಯುತ್ತದೆ. ಆದರೆ ಆ ಹೊತ್ತಿನಲ್ಲಿ ಯಾರೋ ಬಂದು ಕರೆದುಕೊಂಡು ಹೋಗುವವರಿರಬೇಕು. ಅದಕ್ಕೇ ವ್ಯಾನು ಕೇಳಿದ್ದು.

ವ್ಯಾನಿನಲ್ಲಿ ಬಂದವರು ಹೋಟೆಲಿನ ಒಡತಿಯೇ. ಅರವತ್ತು ದಾಟಿದ ಹೆಂಗಸು. ನನ್ನ ಹೆಂಡತಿ ಮೊದಲ ರಾತ್ರಿಯಿಂದಲೇ "ಆಂಟಿ" ಅಂದಳು, ಅವರೂ ಅದಕ್ಕೆ ಓಗೊಟ್ಟರು. ರೂಮು ಚಿಕ್ಕದು, ಬಿಳಿ ಗೋಡೆ, ನೀಲಿ ಕಿಟಕಿ. ಮೂಲೆಯಲ್ಲಿ ಎರಡು ಪ್ಲೇಟಿನ ಕರೆಂಟ್ ಒಲೆ, ಹಿಡಿ ಸಡಿಲವಾದ ಒಂದು ಪಾತ್ರೆ, ಕಾಫಿಗೆ ಉದ್ದ ಹಿಡಿಯ ಪುಟ್ಟ ಬ್ರಿಕಿ. ಬಾತ್‌ರೂಮು ಎಷ್ಟು ಇಕ್ಕಟ್ಟೆಂದರೆ ಸ್ನಾನ ಮಾಡುವಾಗ ಪರದೆ ಮೈಗೇ ಅಂಟಿಕೊಳ್ಳುತ್ತಿತ್ತು. ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕುವಂತಿಲ್ಲ, ಪಕ್ಕದ ಬುಟ್ಟಿಗೇ ಹಾಕಬೇಕು. ಗ್ರೀಸಿನಲ್ಲಿ ಬಹಳ ಕಡೆ ಹಾಗೇ, ಪೈಪು ಸಣ್ಣ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಇತ್ತು, ಅದು ನನಗೆ ಸಮುದ್ರದ ವ್ಯೂಗಿಂತ ಮೇಲು. ಸಂಜೆ ಒಗೆದು ಹಾಕಿದರೆ ಬೆಳಿಗ್ಗೆಗೆ ಗರಿಗರಿ. ಒಂದು ಕ್ಯಾಬಿನ್ ಬ್ಯಾಗಿನಲ್ಲೇ ಮುಗಿಸಿದೆವು.

ಬ್ರೇಕ್‌ಫಾಸ್ಟ್ ಸೇರಿದ ರೂಮು ತಗೋಬೇಡಿ. ಅದಕ್ಕೆ ತಲೆಗೆ 8-10 ಯೂರೋ ಹಾಕಿರುತ್ತಾರೆ. ಬೇಕರಿಯಲ್ಲಿ ಅಂಗೈಗಿಂತ ದೊಡ್ಡ ಸ್ಪನಕೋಪಿತಾ, ಅಂದರೆ ಪಾಲಕ್-ಚೀಸ್ ಪಫ್, ಮೂರು ಯೂರೋ ಒಳಗೆ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ತವೆರ್ನಾದಲ್ಲಿ, ಅಂದರೆ ಅಲ್ಲಿನ ಊಟದ ಹೋಟೆಲಿನಲ್ಲಿ, "ನಿಸ್ತೀಸಿಮೋ ಏನಿದೆ?" ಅಂತ ಕೇಳಿ. ಅವರ ಉಪವಾಸದ ಅಡುಗೆ ಅದು, ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಆದರೆ ಸೀಗಡಿ, ಸ್ಕ್ವಿಡ್ ಅದರಲ್ಲಿ ನಡೆಯುತ್ತದೆ, ಅದನ್ನು ಬೇರೆಯಾಗಿ ಕೇಳಿಕೊಳ್ಳಿ. ದಪ್ಪ ಅವರೆಯಂಥ ಗಿಗಾಂದೆಸ್, ಬೇಳೆಯನ್ನು ಕಡೆದ ಫಾವಾ, ಬೇಯಿಸಿದ ಸೊಪ್ಪು ಹೋರ್ತಾ, ಇಷ್ಟರಲ್ಲಿ ನಮ್ಮ ಊಟ ಆಯಿತು. ಅನ್ನ ತುಂಬಿದ ಟೊಮೆಟೊ ಗೆಮಿಸ್ತಾ ತರಿಸುವ ಮುಂಚೆ ಒಳಗೆ ಖೀಮಾ ಇದೆಯಾ ಅಂತ ಕೇಳಿ.

ಒಲೆ ಇದೆ ಅಂತ ಅಡುಗೆ ಪ್ರಯೋಗವೂ ನಡೆಯಿತು. ಸೂಪರ್ ಮಾರ್ಕೆಟಿನ ದುಂಡಕ್ಕಿ ಮೆತ್ತಗೆ ಬೇಯುತ್ತದೆ, ಮೊಸರನ್ನಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿನ ಮೊಸರು ಚಮಚ ನಿಲ್ಲುವಷ್ಟು ಗಟ್ಟಿ, ಒಂದು ಲೋಟ ಹಾಲು ಬೆರೆಸಿದ ಮೇಲೇ ಅನ್ನಕ್ಕೆ ಹಿಡಿದದ್ದು. ಸಾಸಿವೆ, ಇಂಗು, ಚಟ್ನಿಪುಡಿ ಊರಿಂದ ಒಯ್ದಿದ್ದೆವು. ತುಪ್ಪ ಒಯ್ಯಬೇಡಿ, ಹಾಲಿನ ಪದಾರ್ಥ ಯುರೋಪಿಯನ್ ಯೂನಿಯನ್ ಒಳಗೆ ತರುವಂತಿಲ್ಲ. ನಕ್ಸೋಸ್ ಆಲೂಗಡ್ಡೆ ಪಲ್ಯವನ್ನು ಆಂಟಿಗೂ ಕೊಟ್ಟೆವು. ಮಾರನೇ ದಿನ ಬಾಗಿಲ ಬಳಿ ಒಂದು ಚೀಲ ಆಲೂಗಡ್ಡೆ ಇತ್ತು! ಸಾಂಬಾರ್ ಮಾತ್ರ ಕೈಕೊಟ್ಟಿತು. ಆ ಒಲೆಯಲ್ಲಿ ಕುಕ್ಕರಿಲ್ಲದೆ ಬೇಳೆ ಬೇಯುವಷ್ಟರಲ್ಲಿ ಬೀಚಿಗೆ ಹೋಗಿ ಬರಬಹುದಿತ್ತು.

ಸ್ಕೂಟರ್ ಲೆಕ್ಕವನ್ನೂ ಹಾಕಿದ್ದೆ. ದಿನಕ್ಕೆ 20-25 ಯೂರೋ, ಪೆಟ್ರೋಲು ಬೇರೆ. ಅಂಗಡಿಯವರು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೇಳಿದರು, ನನ್ನ ಹತ್ತಿರ ಇತ್ತು. ಅರ್ಧ ದಿನ ಓಡಿಸಿ ವಾಪಸ್ ಕೊಟ್ಟೆ. ಬಸ್ಸಿನಲ್ಲಿ ಪ್ಲಾಕಾ ಬೀಚಿಗೆ ಎರಡು ಯೂರೋ ಆಸುಪಾಸು, ಹಾಲ್ಕಿ, ಫಿಲೋತಿ ಹಳ್ಳಿಗಳನ್ನು ದಾಟಿ ಗುಡ್ಡದ ಮೇಲಿನ ಅಪೈರಂಥೋಸ್ ಹಳ್ಳಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಅಪೈರಂಥೋಸ್‌ನ ಓಣಿಗಳಿಗೆಲ್ಲ ಅಮೃತಶಿಲೆ ಹಾಸಿದ್ದಾರೆ. ಅಲ್ಲಿ ಒಂದಿಡೀ ದಿನ ಸಾಲದು. ಬಸ್ಸಿನ ಟಿಕೆಟನ್ನು ನಿಲ್ದಾಣದಲ್ಲೇ ತೆಗೆದುಕೊಳ್ಳಿ, ವಾಪಸ್ ಬರುವ ಹೊತ್ತನ್ನು ಗೋಡೆಯ ಪಟ್ಟಿಯಿಂದ ಫೋಟೋ ಹಿಡಿದಿಟ್ಟುಕೊಳ್ಳಿ. ಬಂದರಿನ ಪಕ್ಕದ ಪೋರ್ತಾರಾಗೆ ಟಿಕೆಟ್ಟೇ ಇಲ್ಲ. ಅಪೋಲೋ ಗುಡಿ ಕಟ್ಟಲು ಹೊರಟು ಕ್ರಿ.ಪೂ. 6ನೇ ಶತಮಾನದಲ್ಲಿ ಅರ್ಧಕ್ಕೆ ಬಿಟ್ಟ ಬಾಗಿಲು ಅದು. ಸಂಜೆ ಎಲ್ಲರೂ ಅಲ್ಲೇ.

ಒಟ್ಟು ಲೆಕ್ಕ: ರೂಮು 320-330 ಯೂರೋ, ಇಬ್ಬರ ಹಡಗು ಹೋಗಿಬರಲು 190, ಊಟ-ತಿಂಡಿ ದಿನಕ್ಕೆ 30-35, ಬಸ್ಸು ಮತ್ತೆ ಅದು ಇದು 60, ವಾಪಸ್ ಬರುವಾಗ ಅಥೆನ್ಸಿನಲ್ಲಿ ಒಂದು ರಾತ್ರಿ 70. ವಿಮಾನ, ವೀಸಾ ಬಿಟ್ಟು 90 ಸಾವಿರದ ಒಳಗೆ, ಇಬ್ಬರಿಗೂ ಸೇರಿ.

ಆ ಅಥೆನ್ಸಿನ 70 ಯೂರೋ ಮಾತ್ರ ಉಳಿಸಲು ಹೋಗಬೇಡಿ. ಗಾಳಿ ಜೋರಾದರೆ ಹಡಗು ಬಿಡುವುದೇ ಇಲ್ಲ. ಟಿಕೆಟ್ ದುಡ್ಡು ವಾಪಸ್ ಬರುತ್ತದೆ, ಆದರೆ ತಪ್ಪಿದ ವಿಮಾನದ್ದು ಬರುವುದಿಲ್ಲ. ಪರೋಸ್‌ಗೆ ಹೋದಾಗ ಒಂದು ವೇಗದ ಹಡಗು ಹೀಗೇ ರದ್ದಾಗಿತ್ತು. ಇಡೀ ದಿನ ಬಂದರಿನಲ್ಲಿ ಕೂತು, ಸಂಜೆಯ ದೊಡ್ಡ ಹಡಗು ಹಿಡಿದು, ಮಾರನೇ ದಿನದ ವಿಮಾನಕ್ಕೆ ನಿದ್ದೆಗಣ್ಣಲ್ಲಿ ಓಡಿದ್ದೆವು. ಆಗಸ್ಟಿನಲ್ಲೇ ಹೋಗಬೇಕು, ಮಕ್ಕಳಿಗೆ ಆಗಲೇ ರಜೆ ಅನ್ನುವವರು ಇಂಥ ರಾತ್ರಿ ಎರಡು ಇಟ್ಟುಕೊಳ್ಳಿ. ರೂಮಿಗೂ 50ರ ಜಾಗದಲ್ಲಿ 115-120 ಹಾಕಿ. ಆಗ ನನ್ನ ಇಮೇಲ್ ಯಾವ ಒಡತಿಯ ಹತ್ತಿರವೂ ನಡೆಯುವುದಿಲ್ಲ.