ಸಾಸೇಜ್ ಪ್ಯಾಕೆಟ್ ತಿರುಗಿಸಿ ಓದುವುದು ಹೇಗೆ?

ಮೊನ್ನೆ ತಂಗಿ ಮಕ್ಕಳಿಗೆಂದು ಚಿಕನ್ ನಗೆಟ್ಸ್ ತಂದಳು. ‘ಡೇಟ್ ನೋಡೇ ತಂದಿದ್ದೀನಿ ಅಕ್ಕಾ’ ಎಂದಳು. ಎಲ್ಲರೂ ನೋಡುವುದು ಅಷ್ಟನ್ನೇ. ಪ್ಯಾಕೆಟ್ ತಿರುಗಿಸಿದೆ. ಮುಂದೆ ಹೊಳೆಯುವ ಕೋಳಿ ಚಿತ್ರ, ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಕೋಳಿಮಾಂಸ ಶೇ 48’.

1. ಚೌಕದೊಳಗೆ ಕಂದು ತ್ರಿಕೋನ (ಮಾಂಸಾಹಾರದ ಗುರುತು), ಎಫ್‌ಎಸ್‌ಎಸ್‌ಎಐ ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಗುರುತಿನ ಜೊತೆ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಇಲ್ಲದಿದ್ದರೆ ವಾಪಸ್ ಇಡಿ. ಕೋಲ್ಡ್ ಸ್ಟೋರೇಜ್ ಅಂಗಡಿಯಲ್ಲಿ ಬರೀ ಪ್ಲಾಸ್ಟಿಕ್ ಕವರಿಗೆ ಹಾಕಿ ತೂಗಿ ಕೊಡುವ ಸಾಸೇಜನ್ನು ನಾನಂತೂ ತರುವುದಿಲ್ಲ, ಎಷ್ಟೇ ಪರಿಚಯದ ಅಂಗಡಿಯಾಗಿರಲಿ.

2. ಎಲ್ಲರೂ ಎಡವುವುದು ಇಲ್ಲಿ. ‘ಇಂಗ್ರೀಡಿಯೆಂಟ್ಸ್’ ಪಟ್ಟಿಯಲ್ಲಿ ತೂಕ ಜಾಸ್ತಿ ಇರುವುದು ಮೊದಲು ಬರಬೇಕು, ಅದು ನಿಯಮ. ಹೆಸರಲ್ಲೋ ಚಿತ್ರದಲ್ಲೋ ಕೋಳಿಯನ್ನು ಎತ್ತಿ ತೋರಿಸಿದರೆ ಅದು ಶೇಕಡಾ ಎಷ್ಟು ಅಂತಲೂ ಬರೆಯಬೇಕು. ಆ ಅಂಕಿಯನ್ನು ಮೊದಲು ಹುಡುಕಿ. ಆಮೇಲೆ ಮಾಂಸದ ನಂತರ ಏನಿದೆ ನೋಡಿ. ಮೈದಾ, ಬ್ರೆಡ್ ಪುಡಿ, ಕಾರ್ನ್‌ಫ್ಲೋರ್, ಸೋಯಾ ಪ್ರೋಟೀನ್ ಅಂತ ಬಿಡಿಬಿಡಿಯಾಗಿ ಬರೆದಾಗ ಒಂದೊಂದೂ ಚಿಲ್ಲರೆ ಅನ್ನಿಸುತ್ತದೆ. ಕೂಡಿಸಿದರೆ ಮಾಂಸಕ್ಕೇ ಸಮ ಬರಬಹುದು.

ಇನ್ನೊಂದು ಉಪಾಯ ಇದೆ, ಉಪ್ಪಿನದು. ಪೋಷಕಾಂಶದ ಪಟ್ಟಿಯಲ್ಲಿ 100 ಗ್ರಾಂಗೆ ಸೋಡಿಯಂ ಎಷ್ಟು ಅಂತ ಇರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. ತಂಗಿಯ ಪ್ಯಾಕೆಟ್‌ನಲ್ಲಿ 720 ಮಿಲಿಗ್ರಾಂ ಇತ್ತು, ಅಂದರೆ 1.8 ಗ್ರಾಂ ಉಪ್ಪು. ಹಾಗಾದರೆ ಪಟ್ಟಿಯಲ್ಲಿ ಉಪ್ಪಿನ ನಂತರ ಬರುವ ಯಾವುದೂ 1.8 ಗ್ರಾಂ ದಾಟಲು ಸಾಧ್ಯವಿಲ್ಲ. ಮುಂದೆ ದೊಡ್ಡದಾಗಿ ಬರೆದಿದ್ದ ‘ಚೀಸ್’ ಹಿಂದೆ ಉಪ್ಪಿನ ಕೆಳಗೆ ಕೂತಿತ್ತು! ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪಿನೊಳಗೇ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳಿಗೆ ಇನ್ನೂ ಕಡಿಮೆ.

3. ಆಹಾರಕ್ಕೆ ಬೆರೆಸುವ ರಾಸಾಯನಿಕಗಳನ್ನು ಅದೇ ಪಟ್ಟಿಯಲ್ಲಿ ಐಎನ್‌ಎಸ್ ಎಂಬ ನಂಬರ್‌ಗಳಲ್ಲಿ ಬರೆದಿರುತ್ತಾರೆ. ಅವುಗಳಲ್ಲಿ ಐಎನ್‌ಎಸ್ 250 ಹುಡುಕಿ. ಅದು ಸೋಡಿಯಂ ನೈಟ್ರೈಟ್. ಸಲಾಮಿ, ಹ್ಯಾಮ್‌ನಂಥ ಸಂಸ್ಕರಿಸಿದ ಮಾಂಸದ ಬಿಲ್ಲೆಗಳು ಗುಲಾಬಿಯಾಗಿ ಉಳಿಯುವುದು ಅದರಿಂದ; ಕೆಟ್ಟ ಬ್ಯಾಕ್ಟೀರಿಯಾ ತಡೆಯುವುದೂ ಅದೇ. ಸುಮ್ನೆ ಹಾಕಿದ್ದಲ್ಲ. ಆದರೆ ಸಂಸ್ಕರಿಸಿದ ಮಾಂಸ ದಿನಕ್ಕೆ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರ್ ಸಾಧ್ಯತೆ ಶೇ 18ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಹೇಳಿದೆ. ನಮ್ಮಲ್ಲಿ ತಿಂಗಳಿಗೊಮ್ಮೆ, ಅಷ್ಟೇ. ಉಳಿದಂತೆ ಕಣ್ಣೆದುರೇ ಕೈಮಾ ಮಾಡಿಸಿ ತಂದು ಉಂಡೆ ಕಟ್ಟುತ್ತೇನೆ. ಅಂದಹಾಗೆ ಫ್ರೋಜನ್ ಪ್ಯಾಕೆಟ್ ಮೇಲೆ ‘ಪ್ರಿಸರ್ವೇಟಿವ್ ಇಲ್ಲ’ ಎಂದು ಮೆರೆಸುವುದಕ್ಕೆ ಮರುಳಾಗಬೇಡಿ. ಮೈನಸ್ 18 ಡಿಗ್ರಿಯಲ್ಲಿ ಕಾಪಾಡುವುದು ಆ ಚಳಿಯೇ ಅಲ್ವಾ?

4. ಪ್ಯಾಕೆಟ್ ಅಲ್ಲಾಡಿಸಿ. ನಗೆಟ್ಸ್ ಬಿಡಿಬಿಡಿಯಾಗಿ ಕಟಕಟ ಅನ್ನಬೇಕು. ಒಂದೇ ಗಡ್ಡೆಯಾಗಿ ಐಸ್ ಕಟ್ಟಿದ್ದರೆ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿರಬಹುದು. ಬಿಡಿ.

5. ಎಲ್ಲ ಸಾಮಾನು ಆದಮೇಲೆ ಕೊನೆಗೆ ಇದನ್ನು ಕೊಳ್ಳಿ. ಒಳಗಿನವರೆಗೂ ಹಬೆಯಾಡುವಷ್ಟು ಬೇಯಿಸಿ. ಗರ್ಭಿಣಿಯರಿಗೆ ತಣ್ಣನೆಯ ಸಲಾಮಿ ಬೇಡವೇ ಬೇಡ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನಲ್ಲೂ ಬೆಳೆಯುತ್ತದೆ, ವಾಸನೆಯಿಂದ ಗೊತ್ತಾಗುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 2017–18ರಲ್ಲಿ ಪೊಲೊನಿ ಎಂಬ ಸಾಸೇಜ್‌ನಿಂದ ಇದೇ ಹರಡಿ 200ಕ್ಕೂ ಹೆಚ್ಚು ಜನ ಸತ್ತರು. ಪ್ಯಾಕೆಟ್ ಒಡೆದ ದಿನವೇ ಮಾರ್ಕರ್‌ನಲ್ಲಿ ಅದರ ಮೇಲೆ ತಾರೀಕು ಬರೆದಿಡಿ. ನಮ್ಮ ಮನೆಯಲ್ಲಿ ಮೂರು ದಿನ ದಾಟಿದರೆ ಕಸದ ಬುಟ್ಟಿಗೆ. ಯಜಮಾನರು ಮೂಸಿ ನೋಡಿ ‘ಚೆನ್ನಾಗೇ ಇದೆಯಲ್ಲೇ’ ಅಂದರೂ ಸರಿ.