ಜೆಟ್ ಲ್ಯಾಗ್ ಕೊನೆಗೂ ಹೋಗಿದ್ದು ಮಧ್ಯಾಹ್ನದ ಬೆಳಕಿಂದ

ಅಮೆರಿಕದ ಸ್ಯಾನ್ ಹೋಸೇಲಿ ಮಗಳ ಮನೇಲಿ ಎರಡು ತಿಂಗಳಿದ್ದು ಜುಲೈನಲ್ಲಿ ಬೆಂಗಳೂರಿನ ಜಯನಗರಕ್ಕೆ ವಾಪಸ್ ಬಂದೆ. ಮಧ್ಯಾಹ್ನ ಮೂರಾದ್ರೆ ಕೂತಲ್ಲೇ ಕಣ್ಣು ಎಳೀತಿತ್ತು, ರಾತ್ರಿ ಒಂದೂವರೆಗೆ ಪೂರ್ತಿ ಎಚ್ಚರ, ಜೊತೆಗೆ ಊಟದ ಹೊತ್ತಿನ ಥರ ಹಸಿವು. ಆರು ದಿನ ಹೀಗೇ. ದೂರದ ವಿಮಾನ ಪ್ರಯಾಣ ಆದ್ಮೇಲೆ ದೇಹದ ಗಡಿಯಾರ ಇಲ್ಲಿನ ಹೊತ್ತಿಗೆ ಹೊಂದ್ಕೊಳ್ಳದೇ ಇರೋದು, ಅದೇ ಜೆಟ್ ಲ್ಯಾಗ್.

ಬಿಸಿ ಹಾಲು ಕುಡಿದೆ, ಬೆಳಗ್ಗೆ ಆರಕ್ಕೆ ಲಾಲ್‌ಬಾಗ್‌ಗೆ ವಾಕಿಂಗ್ ಹೋದೆ, ಏನೂ ಆಗ್ಲಿಲ್ಲ. ಸಂಜೆ ಐದಕ್ಕೆ ಸ್ಟ್ರಾಂಗ್ ಕಾಫಿ ಕುಡಿದು ರಾತ್ರಿ ಇನ್ನೂ ಕೆಟ್ಟಿತು. ಮಧ್ಯಾಹ್ನ ಅರ್ಧ ಗಂಟೆ ಅಂತ ಮಲಗಿದ್ರೆ ಏಳೋದು ಸಂಜೆ ಆರಕ್ಕೇ.

ಆಮೇಲೆ ಲೆಕ್ಕ ಹಾಕ್ದೆ, ಅಮೆರಿಕದ ಬೇಸಿಗೇಲಿ ಅಲ್ಲಿಗೂ ಇಲ್ಲಿಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ, ಅಂದ್ರೆ ಇಲ್ಲಿ ಮಧ್ಯಾಹ್ನ 4 ಅಂದ್ರೆ ಅಲ್ಲಿ ಬೆಳಗಿನ ಜಾವ 3:30, ದೇಹಕ್ಕೆ ಅದು ಗಾಢ ನಿದ್ದೆ ಹೊತ್ತು, ಆ ಹೊತ್ತಲ್ಲಿ ಕಣ್ಣಿಗೆ ಬೆಳಕು ಬಿದ್ರೆ ಒಳಗಿನ ಗಡಿಯಾರ ನಿಧಾನಕ್ಕೆ ತಡವಾಗ್ತಾ ಹೋಗಿ ಇಲ್ಲಿನ ರಾತ್ರಿಗೆ ಬಂದು ಸೇರುತ್ತೆ. ನಾನು ಅದೇ ಹೊತ್ತಲ್ಲಿ ಪರದೆ ಎಳ್ಕೊಂಡು ಮಲಗ್ತಿದ್ದೆ.

ಮಾಡಿದ್ದು ಇಷ್ಟು. 2:30ರಿಂದ 5ರವರೆಗೆ ಟೆರೇಸ್ ಇಲ್ಲಾ ಪಾರ್ಕು, ಕೂತ್ರೆ ತೂಕಡಿಕೆ ಬರುತ್ತೆ ಅದಕ್ಕೆ ಗಿಡಕ್ಕೆ ನೀರು ಹಾಕೋದು, ಬಟ್ಟೆ ಒಣಗಿಸೋದು ಎಲ್ಲಾ ಆವಾಗ್ಲೇ. ಮೋಡ ಇದ್ರೂ ಪರವಾಗಿಲ್ಲ, ಟ್ಯೂಬ್‌ಲೈಟ್‌ಗಿಂತ ಹೊರಗಿನ ಬೆಳಕು ಎಷ್ಟೋ ಪಾಲು ಜಾಸ್ತಿ. ಆರರ ಮೇಲೆ ಒಂದೇ ಸಣ್ಣ ಬಲ್ಬ್, ಟಿವಿ ಇಲ್ಲ. ಮಧ್ಯಾಹ್ನ 12ರ ನಂತರ ಕಾಫಿ ಇಲ್ಲ. 7:30ಕ್ಕೆ ಊಟ, ಹತ್ತಕ್ಕೆ ಹಾಸಿಗೆ. ಮಧ್ಯರಾತ್ರಿ ಎಚ್ಚರ ಆದ್ರೂ ಲೈಟ್ ಹಾಕ್ಲಿಲ್ಲ, ಮೊಬೈಲ್ ಹಾಲ್‌ನಲ್ಲೇ ಬಿಟ್ಟಿದ್ದೆ.

ಮೊದಲನೇ ರಾತ್ರಿ ಎರಡೂವರೆಗೆ ಎಚ್ಚರ, ಮೂರನೇ ರಾತ್ರಿ ನಾಲ್ಕಕ್ಕೆ, ಐದನೇ ದಿನ ಹಾಲಿನವನು ಬೆಲ್ ಮಾಡಿದಾಗ್ಲೇ ಎದ್ದಿದ್ದು.