ಕಿಸಾನ್ ಸಮ್ಮಾನ್ ಕಂತು ಬಾರದಿದ್ದರೆ ಪರಿಶೀಲಿಸಬೇಕಾದ ದಾಖಲೆಗಳು

ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯಡಿ ಅರ್ಹ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ತಲಾ 2,000 ರೂಪಾಯಿಗಳ ಮೂರು ಕಂತುಗಳಲ್ಲಿ, ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಕಂತು ತಪ್ಪಿದಾಗ ಊರಿನ ಬಹುತೇಕರು ಮೊದಲು ಬ್ಯಾಂಕಿಗೆ ಹೋಗುತ್ತಾರೆ. ಅದಕ್ಕೂ ಮುನ್ನ ಯೋಜನೆಯ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ನಮೂದಿಸಿ ತಮ್ಮ ಸ್ಥಿತಿಯನ್ನು ನೋಡಿಕೊಳ್ಳುವುದು ಒಳ್ಳೆಯದು. ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು), ಜಮೀನಿನ ಜೋಡಣೆ, ಆಧಾರ್ ಮತ್ತು ಬ್ಯಾಂಕ್ ಖಾತೆಯ ಜೋಡಣೆ ಎಂಬ ಮೂರು ಅಂಶಗಳ ಪೈಕಿ ಯಾವುದರ ಮುಂದೆ ‘ಇಲ್ಲ’ ಎಂದಿದೆಯೋ ಅದನ್ನು ನೋಡಿದರೆ ಯಾವ ಕಚೇರಿಗೆ ಹೋಗಬೇಕೆಂಬುದು ಸ್ಪಷ್ಟವಾಗುತ್ತದೆ.

ಇ-ಕೆವೈಸಿ ಸುಲಭದ ಕೆಲಸ. ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದರೆ ಒಟಿಪಿ ಮೂಲಕ ಮನೆಯಲ್ಲೇ ಮುಗಿಸಬಹುದು. ಇಲ್ಲವಾದರೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ನೀಡಬೇಕು. ಬೆರಳಚ್ಚು ಸವೆದಿರುವ ಹಿರಿಯರಿಗೆ ಯೋಜನೆಯ ಆ್ಯಪ್‌ನಲ್ಲಿ ಮುಖ ಗುರುತಿಸುವ ಸೌಲಭ್ಯವಿದೆ.

ಹಣ ಹೋಗುವುದು ಆಧಾರ್‌ಗೆ ಜೋಡಣೆಯಾಗಿರುವ ಖಾತೆಗೆ. ಎರಡು ಮೂರು ಬ್ಯಾಂಕುಗಳಲ್ಲಿ ಖಾತೆ ಇರುವವರಿಗೆ ಕೊನೆಯದಾಗಿ ಯಾವ ಖಾತೆ ಜೋಡಣೆಯಾಯಿತೋ ಅದಕ್ಕೇ ಜಮೆಯಾಗುವುದರಿಂದ, ಬಾರದ ಕಂತನ್ನು ಹುಡುಕುವಾಗ ಸಾಲಕ್ಕೆಂದೋ ಪಿಂಚಣಿಗೆಂದೋ ತೆರೆದು ಮರೆತ ಪಾಸ್‌ಬುಕ್‌ಗಳಿಗೂ ನಮೂದು ಹಾಕಿಸಿ ನೋಡಬೇಕು.

ಹೆಚ್ಚು ಕಾಲ ಹಿಡಿಯುವುದು ಜಮೀನಿನ ದಾಖಲೆ. ಪಹಣಿಯ 9ನೇ ಕಾಲಂನಲ್ಲಿರುವ ಹೆಸರನ್ನು ಆಧಾರ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ಓದಿ ನೋಡಿ. ಪಹಣಿಯಲ್ಲಿ ‘ಬಸಪ್ಪ ಬಿನ್ ಈರಪ್ಪ’ ಎಂದಿದ್ದು ಆಧಾರ್‌ನಲ್ಲಿ ‘ಬಸವರಾಜಪ್ಪ’ ಎಂದಿದ್ದರೆ, ಇಡೀ ಊರಿಗೆ ಆತ ಒಬ್ಬನೇ ಎಂದು ಗೊತ್ತಿದ್ದರೂ ಕಂಪ್ಯೂಟರಿಗೆ ಇಬ್ಬರಾಗಿಯೇ ಕಾಣುತ್ತಾರೆ. ಜಮೀನು ಇನ್ನೂ ತೀರಿಕೊಂಡ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿದ್ದರೆ ಉಳುಮೆ ಮಾಡುತ್ತಿರುವ ಮಗನಿಗಾಗಲಿ ಸೊಸೆಗಾಗಲಿ ಕಂತು ಬರುವುದಿಲ್ಲ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಸಲ್ಲಿಸಿ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವುದೊಂದೇ ದಾರಿ. ಅಣ್ಣತಮ್ಮಂದಿರ ನಡುವೆ ಪಾಲಿನ ಮಾತು ಇತ್ಯರ್ಥವಾಗಿಲ್ಲವೆಂದು ಈ ಕೆಲಸವನ್ನು ವರ್ಷಗಟ್ಟಲೆ ಮುಂದೂಡುವ ಕುಟುಂಬಗಳು ಅನೇಕ. ಪಾಲು ತಡವಾದರೂ ಜಂಟಿಯಾಗಿ ಪೌತಿ ಖಾತೆ ಮಾಡಿಸಲು ಅಡ್ಡಿಯಿಲ್ಲ ಎಂಬುದನ್ನು ಅವರಿಗೆ ತಿಳಿಸಬೇಕಾಗಿದೆ. 2019ರ ಫೆಬ್ರವರಿ 1ರ ನಂತರ ಕ್ರಯಕ್ಕೆ ಪಡೆದ ಜಮೀನಿನ ಆಧಾರದಲ್ಲಿ ಹೊಸಬರಿಗೆ ಅರ್ಹತೆ ಬರುವುದಿಲ್ಲ, ಆದರೆ ವಾರಸಿನಿಂದ ಬಂದ ಜಮೀನಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ.

ಪಹಣಿ ಸರಿಯಾದ ಮೇಲೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಆಧಾರ್, ಪಹಣಿ ಮತ್ತು ಪಾಸ್‌ಬುಕ್ ಪ್ರತಿಗಳೊಂದಿಗೆ ಹೋಗಿ, ರೈತರ ನೋಂದಣಿಗಾಗಿ ಇರುವ ಕರ್ನಾಟಕದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ತಮ್ಮ ಎಫ್‌ಐಡಿಗೆ, ಅಂದರೆ ರೈತರ ಗುರುತಿನ ಸಂಖ್ಯೆಗೆ, ಜಮೀನನ್ನು ಸೇರಿಸಬೇಕು. ಇಲ್ಲಿ ಒಂದು ಸರ್ವೆ ನಂಬರ್ ಸೇರಿಸಿ ಸುಮ್ಮನಾಗುವುದು ನಷ್ಟದ ಕೆಲಸ, ಏಕೆಂದರೆ ಕಿಸಾನ್ ಸಮ್ಮಾನ್ ಮೊತ್ತವು ಎಕರೆಯನ್ನು ಅವಲಂಬಿಸಿಲ್ಲದಿದ್ದರೂ ಬೆಳೆ ಹಾನಿ ಪರಿಹಾರವನ್ನು ವಿಸ್ತೀರ್ಣದ ಮೇಲೆಯೇ ಲೆಕ್ಕ ಹಾಕಲಾಗುತ್ತದೆ. 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ 2023ರ ಬರಗಾಲದಲ್ಲಿ ಪರಿಹಾರ ಪಾವತಿಗೆ ಆಧಾರವಾದದ್ದು ಫ್ರೂಟ್ಸ್‌ನಲ್ಲಿದ್ದ ಮಾಹಿತಿಯೇ. ಆದ್ದರಿಂದ ಹೊಲ, ಗದ್ದೆ, ತೋಟ ಯಾವುದೇ ಇರಲಿ, ಬೇರೆ ಹಳ್ಳಿಯಲ್ಲಿರುವ ತುಂಡು ಜಮೀನೂ ಸೇರಿದಂತೆ, ಎಲ್ಲ ಸರ್ವೆ ನಂಬರ್‌ಗಳ ಪಟ್ಟಿ ಮಾಡಿಕೊಂಡೇ ಕೇಂದ್ರಕ್ಕೆ ಹೋಗಿ.

ಆದಾಯ ತೆರಿಗೆ ಪಾವತಿಸುವವರು, ತಿಂಗಳಿಗೆ 10,000 ರೂಪಾಯಿ ಅಥವಾ ಹೆಚ್ಚು ಪಿಂಚಣಿ ಪಡೆಯುವವರು, ಗ್ರೂಪ್ ಡಿ ಹೊರತುಪಡಿಸಿದ ಸರ್ಕಾರಿ ನೌಕರರು ಇರುವ ಕುಟುಂಬಗಳು ಈ ಯೋಜನೆಗೆ ಅನರ್ಹ. ಅನರ್ಹರಿಗೆ ಸಂದಾಯವಾದ ಹಣವನ್ನು ಇಲಾಖೆ ವಸೂಲಿ ಮಾಡುತ್ತದೆ. ಫಲಾನುಭವಿ ತೀರಿಕೊಂಡಾಗಲೂ ಮನೆಯವರು ಕೂಡಲೇ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕು.

ಇಷ್ಟೆಲ್ಲ ಸರಿಯಿದ್ದೂ ಕಂತು ಬಾರದಿದ್ದರೆ ಸಹಾಯವಾಣಿ 155261ಕ್ಕೆ ಕರೆ ಮಾಡಿ. ಜೊತೆಗೆ ರೈತ ಸಂಪರ್ಕ ಕೇಂದ್ರದಲ್ಲಿ ಲಿಖಿತ ಅರ್ಜಿಯನ್ನೂ ಕೊಟ್ಟು, ಅದರ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆದುಕೊಳ್ಳಿ.